ಬಿಸಿಬೇಳೆಬಾತಿನ ಲೆಕ್ಕ

ಇದೇ ಶಾಲೆಯಲ್ಲಿ ಒತ್ತಕ್ಷರ ತಪ್ಪು ಬರೆದು ಬರೆದೇ ಪಾಸಾದವಳು ನಾನು. ಮಾತಿನಲ್ಲಿ ತಪ್ಪಿದ್ದರೆ ಗುರುಗಳು ಕ್ಷಮಿಸಬೇಕು.

ಇಂದು ಪ್ರಮಾಣಪತ್ರ ಪಡೆಯುತ್ತಿರುವ ನೀವೆಲ್ಲ ಬೇಗನೆ ಕಾಲೇಜು ಸೇರುತ್ತೀರಿ. ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಆರೋಗ್ಯ, ನೆಮ್ಮದಿಯ ಯೋಜನೆಗಳಿಗೆಂದೇ ಹಣ ತೆಗೆದಿಟ್ಟಿರುತ್ತವೆ. ಬರ್ಕ್‌ಲಿಯ ವೆಲ್‌ನೆಸ್ ಫಂಡ್ ಅಂಥದ್ದೊಂದು. ವಿದ್ಯಾರ್ಥಿಗಳು ಕಟ್ಟುವ ಶುಲ್ಕದಿಂದಲೇ ಬರುವ ಹಣ ಅದು. ಅಂದರೆ ಅಪ್ಪ ಅಮ್ಮ ಕಟ್ಟಿದ್ದೇ! ಕೇಳಲು ಸಂಕೋಚ ಬೇಡ.

ನನ್ನ ಕಾಲೇಜಿನಲ್ಲಿ ನಾನೂ ಅರ್ಜಿ ಹಾಕಿದ್ದೆ. ಮೊದಲ ವರ್ಷ ಡಾರ್ಮ್ ಕೋಣೆಯಲ್ಲಿ ಒಬ್ಬಳೇ ಕೂತು ನೂಡಲ್ಸ್ ತಿನ್ನುತ್ತಿದ್ದೆ. ಪಕ್ಕದ ಕೋಣೆಯವಳೂ ಹಾಗೇ ಎಂದು ಗೊತ್ತಾದದ್ದು ಡಿಸೆಂಬರಿನಲ್ಲಿ. ವಾರಕ್ಕೊಮ್ಮೆ ಸೇರಿ ಅಡುಗೆ ಮಾಡಿ ಉಣ್ಣುವ ಯೋಜನೆ ಬರೆದೆ. 'ಕ್ಯಾಂಪಸ್ಸಿನ ಒಂಟಿತನ ನಿವಾರಣೆ' ಅಂತೆಲ್ಲ ದೊಡ್ಡ ಮಾತು. ಅರ್ಜಿ ವಾಪಸ್ಸು ಬಂತು. ಎಷ್ಟು ಜನ? ಯಾವ ಅಡುಗೆಮನೆ? ಯಾರ ಅನುಮತಿ? ನೀನು ಹೋದ ಮೇಲೆ ಯಾರು ನಡೆಸುತ್ತಾರೆ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಆಗ ನೆನಪಾದದ್ದು ಇಲ್ಲಿನ ರಾಜ್ಯೋತ್ಸವದ ಅಡುಗೆ. 40 ಜನರ ಬಿಸಿಬೇಳೆಬಾತಿಗೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಪಾತ್ರೆ ಯಾರು ತೊಳೆಯಬೇಕು, ಎಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದರಲ್ಲ! ಹಾಗೇ ಬರೆದೆ. ಪಾತ್ರೆಗೆ ಬೇರೆ, ದಿನಸಿಗೆ ಬೇರೆ ಲೆಕ್ಕ. ಅಡುಗೆಮನೆ ನೋಡಿಕೊಳ್ಳುವವರ ಒಪ್ಪಿಗೆ ಪತ್ರ. ಮುಂದಿನ ವರ್ಷ ನಡೆಸಲು ಇಬ್ಬರು ಕಿರಿಯರ ಹೆಸರು. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಸಾಕಾಯಿತು.

ನಾನೀಗ ಅಲ್ಲಿಲ್ಲ. ಗುರುವಾರದ ಊಟ ಮಾತ್ರ ನಡೆಯುತ್ತಿದೆಯಂತೆ. ಬಿಸಿಬೇಳೆಬಾತು ತೀರಾ ಸಪ್ಪೆ ಎಂದು ನನಗೇ ದೂರು ಬಂದಿದೆ.