ನೀಲಿ ಗಾಜಿನ ಹಸಿರು ಬೆಳಕು

ನಮ್ಮ ಸಂತಪುರಕ್ಕೆ ರೈಲಿಲ್ಲ. ಔರಾದ್ ತಾಲೂಕಿನ ಈ ಊರಿನವರು ರೈಲು ಹತ್ತಬೇಕೆಂದರೆ ಬೀದರಿಗೋ ಭಾಲ್ಕಿಗೋ ಕಮಲನಗರಕ್ಕೋ ಹೋಗಬೇಕು. ವಿಕಾರಾಬಾದಿನಿಂದ ಪರಳಿ ವೈಜನಾಥದ ಕಡೆಗೆ ಸಾಗುವ ಆ ಹಳಿ ನಿಜಾಮರ ಕಾಲದ್ದು. ಚಿಕ್ಕವನಿದ್ದಾಗ ಅಜ್ಜನ ಜೊತೆ ಭಾಲ್ಕಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಗಾಡಿಗೆ ಕಾದದ್ದು ನೆನಪಿದೆ. ಹೊತ್ತು ಮುಳುಗುವ ಮುಂಚೆ ಒಬ್ಬರು ಕೈಯಲ್ಲಿ ತಗಡಿನ ದೀಪ ಹಿಡಿದುಕೊಂಡು ಜಲ್ಲಿಕಲ್ಲಿನ ಮೇಲೆ ನಡೆದು ಹೋಗುತ್ತಿದ್ದರು. ಸಿಗ್ನಲ್ ಕಂಬದ ಕಬ್ಬಿಣದ ಏಣಿ ಹತ್ತುತ್ತಿದ್ದರು. ಅವರು ಇಳಿದು ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಕಂಬದ ತುದಿಯಲ್ಲಿ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಚುಕ್ಕೆ ಕಾಣುತ್ತಿತ್ತು. ರೈಲ್ವೆಯಲ್ಲಿ ಅವರನ್ನು ಲ್ಯಾಂಪ್‌ಮನ್ ಎನ್ನುತ್ತಿದ್ದರು. ಅಜ್ಜ ಮಾತ್ರ ‘ಕಂದೀಲಿನವ’ ಎನ್ನುತ್ತಿದ್ದ.

ಆ ಕಂದೀಲುಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಅವು ಹೇಗೆ ಕೆಲಸ ಮಾಡುತ್ತಿದ್ದವು, ತುಕ್ಕು ಹಿಡಿದು ಮೂಲೆ ಸೇರಿದ ಒಂದನ್ನು ಮತ್ತೆ ಉರಿಯುವಂತೆ ಮಾಡುವುದು ಹೇಗೆ ಎಂದು.

ಮೊದಲು ಸಿಗ್ನಲ್ಲಿನ ದೀಪ. ಹಳೆಯ ತೋಳಿನ ಸಿಗ್ನಲ್ಲನ್ನು ಹಿರಿಯರು ನೋಡಿರುತ್ತೀರಿ. ತೋಳು ಅಡ್ಡಕ್ಕೆ ಚಾಚಿಕೊಂಡಿದ್ದರೆ ನಿಲ್ಲು, ಓರೆಯಾದರೆ ಹೋಗು. ರಾತ್ರಿ ತೋಳು ಕಾಣುವುದಿಲ್ಲವಲ್ಲ, ಅದಕ್ಕೇ ತೋಳಿನ ಬುಡದಲ್ಲಿ ಕನ್ನಡಕದ ಹಾಗೆ ಎರಡು ಬಣ್ಣದ ಗಾಜುಗಳಿರುತ್ತವೆ. ತೋಳು ಆಡಿದಂತೆ ಗಾಜೂ ಆಡುತ್ತದೆ. ದೀಪ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಬೆನ್ನಿಗೂ ಒಂದು ಸಣ್ಣ ಕಿಂಡಿ. ಕಂಬದ ಹಿಂದೆ, ಸ್ಟೇಷನ್ನಿನ ಕಡೆಯಿಂದ ನೋಡುವ ಮಾಸ್ತರರಿಗೆ ದೀಪ ಉರಿಯುತ್ತಿದೆಯೋ ಆರಿದೆಯೋ ಎಂದು ಆ ಕಿಂಡಿಯ ಬೆಳಕಿನಿಂದಲೇ ತಿಳಿಯಬೇಕು. ದೀಪ ಆರಿದ ಸಿಗ್ನಲ್ ಕಂಡರೆ ಡ್ರೈವರ್ ಅದನ್ನು ಕೆಂಪು ಎಂದೇ ತಿಳಿದು ಗಾಡಿ ನಿಲ್ಲಿಸಬೇಕೆಂಬುದು ನಿಯಮ. ಒಂದು ಬತ್ತಿ ಆರಿದರೆ ಇಡೀ ಗಾಡಿ ಕತ್ತಲಲ್ಲಿ ನಿಲ್ಲುತ್ತಿತ್ತು.

ಅಷ್ಟೆಲ್ಲ ಹೊಣೆ ಹೊತ್ತ ಜ್ವಾಲೆ ಎಷ್ಟಿತ್ತು ಅಂತೀರಿ? ಒಂದೆರಡು ಮೇಣದಬತ್ತಿಯಷ್ಟು. ಅದನ್ನು ದೂರಕ್ಕೆ ದಾಟಿಸುತ್ತಿದ್ದದ್ದು ಮುಂದಿನ ಉಬ್ಬುಗಾಜು. ಜ್ವಾಲೆ ಆ ಗಾಜಿನ ನಡುಮಟ್ಟಕ್ಕೆ ಸರಿಯಾಗಿ ನಿಂತರೆ ಬೆಳಕು ಕೋಲಿನಂತೆ ನೇರ ಹೋಗುತ್ತದೆ. ಅರ್ಧ ಬೆರಳು ಕೆಳಗಿಳಿದರೆ ಆಕಾಶಕ್ಕೆ ಚೆಲ್ಲುತ್ತದೆ. ಮೊದಮೊದಲು ಈ ದೀಪಗಳಿಗೆ ದಿನಾ ಎಣ್ಣೆ ಹಾಕಿ ಬತ್ತಿ ಕತ್ತರಿಸಬೇಕಿತ್ತು. 20ನೇ ಶತಮಾನದ ಆರಂಭದಲ್ಲಿ ಸಣ್ಣ ಬತ್ತಿಯ, ಒಮ್ಮೆ ಹಚ್ಚಿದರೆ ಹಗಲೂ ರಾತ್ರಿ ಸೇರಿ ಒಂದು ವಾರ ಉರಿಯುವ ದೀಪಗಳು ಬಂದವು. ಷಿಕಾಗೋದ ಆಡ್‌ಲೇಕ್ ಕಂಪನಿಯ ದೀಪಗಳು ಈ ಬಗೆಯಲ್ಲಿ ಜಗತ್ತಿನಾದ್ಯಂತ ಹೆಸರಾದವು.

ಇನ್ನೊಂದು ಗಾಡಿಯ ಬಾಲದ ದೀಪ. ಕೊನೆಯ ಡಬ್ಬಿಯ ಹಿಂದೆ ಕೆಂಪಾಗಿ ಉರಿಯುವುದು. ಅದು ಹಿಂದಿನಿಂದ ಬರುವವರಿಗೆ ಎಚ್ಚರಿಕೆಯಷ್ಟೇ ಅಲ್ಲ. ಗಾಡಿ ದಾಟಿ ಹೋಗುವಾಗ ಸ್ಟೇಷನ್ ಮಾಸ್ತರರು ಅದನ್ನು ಕಣ್ಣಾರೆ ಕಾಣಬೇಕು. ಕಂಡರೆ ಗಾಡಿ ಪೂರ್ತಿ ಬಂದಿದೆ ಎಂದರ್ಥ, ಕಾಣದಿದ್ದರೆ ಡಬ್ಬಿಗಳು ಕಳಚಿ ಹಿಂದೆಯೇ ಹಳಿಯ ಮೇಲೆ ಉಳಿದಿರಬಹುದು. ಮೂರನೆಯದು ಗಾರ್ಡರ ಕೈದೀಪ. ಒಂದೇ ದೀಪದಲ್ಲಿ ಕೆಂಪು, ಹಸಿರು, ಬಿಳಿ ಮೂರೂ ಬೆಳಕು.

ನನ್ನ ಕೈಗೆ ಬಂದದ್ದು ಈ ಮೂರನೆಯದು. ಬೀದರಿನ ಒಂದು ಗುಜರಿ ಅಂಗಡಿಯಲ್ಲಿ ಹರಿದ ಡಬ್ಬಗಳ ನಡುವೆ ಬಿದ್ದಿತ್ತು. ತಗಡಿನ ಉರುಟು ಮೈ, ಎದೆಗೆ ಗೂಳಿಗಣ್ಣಿನಂಥ ಉಬ್ಬುಗಾಜು, ಬೆನ್ನಿಗೆ ತಂತಿಯ ಎರಡು ಹಿಡಿಕೆ. ತಲೆಯನ್ನು ತಿರುಗಿಸಿದರೆ ಒಳಗಿನ ಸಣ್ಣ ಡ್ರಮ್ ಗಿರಕಿ ಹೊಡೆದು, ಕೆಂಪು ಅಥವಾ ಇನ್ನೊಂದು ಗಾಜು ಜ್ವಾಲೆಯ ಮುಂದೆ ಬರುತ್ತದೆ. ಆ ಇನ್ನೊಂದು ಗಾಜನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದೆ. ಅದು ಹಸಿರಾಗಿರಲಿಲ್ಲ, ನೀಲಿಯಾಗಿತ್ತು. ಯಾರೋ ತಪ್ಪು ಗಾಜು ಕೂರಿಸಿದ್ದಾರೆ ಅಂದುಕೊಂಡೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಇದಕ್ಕೂ ಮೊದಲು ಬೇರೊಂದು ದೀಪ ಸಿಕ್ಕಿತ್ತು. ಅದರ ಮೈಮೇಲೆ ಮಾಸಿದ ಬಿಳಿ ಬಣ್ಣದಲ್ಲಿ ಏನೋ ಬರೆದಿತ್ತು. ನಾನು ಉಜ್ಜುಕಾಗದ ತಂದು ತಗಡು ಫಳಫಳ ಹೊಳೆಯುವ ತನಕ ತಿಕ್ಕಿದೆ. ಬಹುಶಃ ಸ್ಟೇಷನ್ನಿನ ಹೆಸರು ಅದು. ಆ ದೀಪ ಯಾವ ಊರಿನಲ್ಲಿ ಉರಿದಿತ್ತು ಎಂದು ಇನ್ನು ಯಾರೂ ಹೇಳಲಾರರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಾಗಾಗಿ ಹೇಳುತ್ತೇನೆ, ಹಳೆಯ ದೀಪ ಸಿಕ್ಕರೆ ಮೊದಲು ಬೇಕಾದದ್ದು ಮೆತ್ತನೆಯ ಬಟ್ಟೆ ಮತ್ತು ತಾಳ್ಮೆ. ಜಿ.ಐ.ಪಿ.ಆರ್. ಎಂದೋ ಎಂ.ಎಸ್.ಎಂ. ಎಂದೋ ರೈಲ್ವೆ ಕಂಪನಿಯ ಹೆಸರಿನ ಒತ್ತಿದ ಅಕ್ಷರಗಳಿರುತ್ತವೆ. 1871ರಲ್ಲಿ ಕಲಬುರಗಿ ದಾಟಿ ರಾಯಚೂರಿಗೆ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಗುರುತು ಆ ಮೊದಲಿನದು. ಅವನ್ನು ಓದಿ, ಬರೆದಿಟ್ಟುಕೊಂಡು, ಆಮೇಲೆ ಮುಂದಿನ ಕೆಲಸ. ಹಳೆಯ ಬಣ್ಣದಲ್ಲಿ ಸೀಸ ಇರುವುದುಂಟು, ಅದರ ಪುಡಿ ಉಸಿರಿಗೆ ಸೇರಬಾರದು.

ಎಣ್ಣೆಯ ಡಬ್ಬಿಯಲ್ಲಿ ಉಳಿದ ಚಿಮಣಿ ಎಣ್ಣೆ ವರ್ಷಗಟ್ಟಲೆ ಕೂತು ಗೋಂದಿನಂತಾಗಿರುತ್ತದೆ. ಬಿಸಿನೀರು, ಸೋಪು ಹಾಕಿ ನಾಲ್ಕಾರು ಸಲ ತೊಳೆಯಬೇಕು. ಆಮೇಲೆ ನೀರು ತುಂಬಿಸಿ, ಒರೆಸಿದ ಡಬ್ಬಿಯನ್ನು ಕಾಗದದ ಮೇಲೆ ಒಂದು ರಾತ್ರಿ ಇಟ್ಟರೆ ಎಲ್ಲಿ ಸೋರುತ್ತದೆ ಎಂದು ಕಾಗದವೇ ತೋರಿಸುತ್ತದೆ. ಸೋರುವ ಕಡೆ ಬೆಸುಗೆ. ಇಲ್ಲಿ ಅವಸರ ಮಾಡಬಾರದು. ಎಣ್ಣೆಯ ಆವಿ ಉಳಿದ ಡಬ್ಬಿಗೆ ಬೆಂಕಿ ತೋರಿಸಿದರೆ ಸಿಡಿಯುತ್ತದೆ. ಇನ್ನೊಂದು, ತವರ ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಗ್ಯಾಸಿನ ಜ್ವಾಲೆ ಹಿಡಿದರೆ ನೀವು ಮುಚ್ಚಬೇಕೆಂದ ಒಂದು ತೂತು ಮುಚ್ಚುವಷ್ಟರಲ್ಲಿ ಹಳೆಯ ಕೀಲುಗಳೆಲ್ಲ ಬಿಟ್ಟುಕೊಂಡು ದೀಪ ನಾಲ್ಕು ತುಂಡಾಗಿ ಬೀಳುತ್ತದೆ. ಕಾಯಿಸಿದ ಬೆಸುಗೆ ಕಡ್ಡಿಯನ್ನು ಬೇಕಾದ ಜಾಗಕ್ಕಷ್ಟೇ ಮುಟ್ಟಿಸಬೇಕು.

ನನ್ನ ದೀಪಕ್ಕೆ ಬೆಸುಗೆ ಹಾಕಿಕೊಟ್ಟವರು ತಗಡಿನ ಕೆಲಸದ ಒಬ್ಬ ವೃದ್ಧರು. ಕಡ್ಡಿಯ ತುದಿಯನ್ನು ಅವರು ಬಿಳಿಯ ಗಟ್ಟಿಯೊಂದಕ್ಕೆ ಚುರ್ರೆಂದು ತಿಕ್ಕಿದಾಗ ದಟ್ಟ ಬಿಳಿ ಹೊಗೆ ಎದ್ದು, ತುದಿ ಬೆಳ್ಳಿಯಂತೆ ಬೆಳಗಿತು. ಅದು ನವಸಾಗರ. ಕಲಾಯಿ ಹಾಕುವವರಿಗೆ ಬೇಕಾದದ್ದೂ ಅದೇ. ನಮ್ಮ ಬೀದರಿನಲ್ಲಿ ಇನ್ನೊಂದು ಕಸುಬಿಗೂ ಅದೇ ಬೇಕು. ಬಿದರಿ ಕೆಲಸದವರು ಕೋಟೆಯ ಮಣ್ಣಿಗೆ ನವಸಾಗರ ಕಲಸಿ, ಸತುವು ತಾಮ್ರದ ಪಾತ್ರೆಗೆ ಬಳಿಯುತ್ತಾರೆ. ಪಾತ್ರೆಯ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪು ಮೇಲಿಂದ ಹಚ್ಚಿದ ಬಣ್ಣವಲ್ಲ, ಮಣ್ಣಿಗೂ ಲೋಹಕ್ಕೂ ನಡುವೆ ಹುಟ್ಟಿದ್ದು. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದೇ ನವಸಾಗರದಿಂದ ಊರೂರ ಕೊಡ, ಲಾಟೀನು ರಿಪೇರಿ ಮಾಡಿದ ತಗಡಿನ ಕೈಗಳನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಈ ದೀಪಗಳು ಉಳಿಯಬೇಕಾದರೆ ಆ ಕೈಗಳೂ ಬೇಕು.

ಬತ್ತಿ ಹತ್ತಿಯದೇ ಆಗಬೇಕು, ಬಿಸಿಲಿಗೆ ಚೆನ್ನಾಗಿ ಒಣಗಿರಬೇಕು. ತುದಿಯನ್ನು ನೇರ ಕತ್ತರಿಸಿ ಎರಡು ಮೂಲೆಗಳನ್ನು ಚೂರೇ ಚೂರು ಮುರಿಯಬೇಕು, ಇಲ್ಲದಿದ್ದರೆ ಜ್ವಾಲೆಗೆ ಕೊಂಬು ಬಂದು ಹೊಗೆಯಾಗುತ್ತದೆ. ಎಣ್ಣೆ ಹಾಕಿದೊಡನೆ ಕಡ್ಡಿ ಗೀರಬಾರದು. ಅರ್ಧ ಗಂಟೆ ಬಿಟ್ಟರೆ ಎಣ್ಣೆ ಬತ್ತಿಯ ತುದಿಗೆ ಏರುತ್ತದೆ. ರೇಷನ್ನಿಗೆ ಬರುತ್ತಿದ್ದ ನೀಲಿ ಎಣ್ಣೆಗಿಂತ ಬಣ್ಣವಿಲ್ಲದ ಎಣ್ಣೆ ಒಳ್ಳೆಯದು, ಬಣ್ಣ ಬತ್ತಿಗೆ ಕಟ್ಟಿಕೊಳ್ಳುತ್ತದೆ. ಎಣ್ಣೆ ಸಿಗಲಿಲ್ಲವೆಂದು ಪೆಟ್ರೋಲು ಬೆರೆಸುವುದನ್ನು ಕನಸಿನಲ್ಲೂ ಮಾಡಬೇಡಿ. ಹಚ್ಚಿದ ಮೇಲೆ ಜ್ವಾಲೆ ಸಣ್ಣದಿರಲಿ. ದೀಪದ ಮೈ ಬಿಸಿಯಾದಂತೆ ಅದು ತಾನಾಗಿ ಮೇಲೇಳುತ್ತದೆ. ಮೊದಲೇ ಎತ್ತರ ಮಾಡಿಟ್ಟು ಹೋದರೆ ಗಾಜಿಗೆಲ್ಲ ಮಸಿ ಹಿಡಿಯುತ್ತದೆ. ಅದಕ್ಕೇ ಒಳ್ಳೆಯ ಲ್ಯಾಂಪ್‌ಮನ್ ಹಚ್ಚಿದ ತಕ್ಷಣ ಜಾಗ ಬಿಡುತ್ತಿರಲಿಲ್ಲ, ಜ್ವಾಲೆ ನೆಲೆಗೊಳ್ಳುವ ತನಕ ಕಾಯುತ್ತಿದ್ದ.

ಈಗ ಆ ನೀಲಿ ಗಾಜಿನ ಮಾತು. ರೈಲಿನ ಮೊದಲ ದಿನಗಳಲ್ಲಿ ‘ಹೋಗು’ ಎನ್ನಲು ಬಿಳಿ ಬೆಳಕನ್ನೇ ತೋರಿಸುತ್ತಿದ್ದರು. ಕೆಂಪು ಗಾಜು ಒಡೆದು ಬಿದ್ದರೆ ‘ನಿಲ್ಲು’ ಎನ್ನಬೇಕಾದ ದೀಪವೂ ಬಿಳಿಯಾಗಿ ಕಾಣುವ ಅಪಾಯವಿತ್ತು. ಅದಕ್ಕಾಗಿ 19ನೇ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಹಸಿರನ್ನು ಆರಿಸಿಕೊಂಡರು. ಆದರೆ ಸೀಮೆಎಣ್ಣೆಯ ಜ್ವಾಲೆ ಹಳದಿ. ಅದರ ಮುಂದೆ ಅಪ್ಪಟ ಹಸಿರು ಗಾಜು ಹಿಡಿದರೆ ಬೆಳಕು ಬಾಡಿದ ಎಲೆಯಂತೆ ಹಳದಿಗೆ ತಿರುಗುತ್ತದೆ. ನೀಲಿ ಛಾಯೆಯ ಗಾಜು ಹಿಡಿದರೆ ಹಳದಿ ಜ್ವಾಲೆ ಅದನ್ನು ಹಾಯ್ದು ಹೊರಬರುವಾಗ ಹಸಿರಾಗುತ್ತದೆ. ನನ್ನ ದೀಪದಲ್ಲಿ ಯಾರೂ ತಪ್ಪು ಮಾಡಿರಲಿಲ್ಲ.

ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಅಲ್ಲಿ ಹಳೆಯ ಸಿಗ್ನಲ್ಲುಗಳನ್ನೂ ದೀಪಗಳನ್ನೂ ನೋಡಬಹುದು. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ತೆರೆಯಿತು. ಇವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಮ್ಯೂಸಿಯಂ, ಪಾರಂಪರಿಕ ರೈಲು ಇರುವಲ್ಲೆಲ್ಲ, ನೋಡಿಕೊಳ್ಳುವವರ ಮೇಲೆ ಒಂದು ಒತ್ತಡ ಇದ್ದೇ ಇರುತ್ತದೆ, ಎಣ್ಣೆಯ ರಗಳೆ ಬೇಡ, ಒಳಗೊಂದು ಎಲ್‌ಇಡಿ ಬಲ್ಬು ಇಡೋಣ ಎಂದು. ಹಾಗೆ ಇಟ್ಟರೆ ಕೆಂಪು ಕೆಂಪಾಗಿಯೇ ಕಾಣುತ್ತದೆ. ಆದರೆ ಬಿಳಿ ಬಲ್ಬಿನ ಮುಂದೆ ನೀಲಿ ಗಾಜು ನೀಲಿಯಾಗಿಯೇ ಉಳಿಯುತ್ತದೆ. ನೋಡಲು ಬಂದ ಮಗು ಹಳೆಯ ಕಾಲದಲ್ಲಿ ಗಾಡಿಗೆ ನೀಲಿ ದೀಪ ತೋರಿಸುತ್ತಿದ್ದರು ಎಂದು ಕಲಿತು ಮನೆಗೆ ಹೋಗುತ್ತದೆ. ಎಲ್ಲ ದೀಪಗಳನ್ನೂ ದಿನಾ ಹಚ್ಚಿ ಎಂದು ನಾನು ಕೇಳುತ್ತಿಲ್ಲ. ಒಂದನ್ನು, ತಿಂಗಳಿಗೊಂದು ಸಂಜೆ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಹಚ್ಚಬಹುದು.

ಕಳೆದ ದೀಪಾವಳಿಗೆ ಊರಿಗೆ ಬಂದ ಮೊಮ್ಮಗಳಿಗೆ ನನ್ನ ಕೈದೀಪವನ್ನು ತೋರಿಸಿದೆ. ಮೊದಲು ಹಗಲಲ್ಲೇ ಗಾಜು ಅವಳ ಕೈಗೆ ಕೊಟ್ಟೆ. “ಇದು ಯಾವ ಬಣ್ಣವ್ವ?” ಎಂದೆ. “ನೀಲಿ, ತಾತ” ಎಂದಳು. ಗಾಜನ್ನು ಡ್ರಮ್ಮಿಗೆ ಕೂರಿಸಿ, ಸಂಜೆ ದೀಪ ಹಚ್ಚಿ ಪಡಸಾಲೆಯ ಕಟ್ಟೆಯ ಮೇಲಿಟ್ಟೆ. ಜ್ವಾಲೆ ನೆಲೆಗೊಳ್ಳಲು ಕಾಲು ಗಂಟೆ ಹಿಡಿಯಿತು. ಅವಳು ಎರಡು ಸಲ ಒಳಗೆ ಹೋಗಿ ಬಂದಳು. ಮಸಿಯಿಲ್ಲದೆ ಜ್ವಾಲೆ ನಿಂತ ಮೇಲೆ ದೀಪದ ತಲೆ ತಿರುಗಿಸಲು ಅವಳಿಗೇ ಹೇಳಿದೆ. ಡ್ರಮ್ ಗಿರ್ರೆಂದು ತಿರುಗಿ ಕಟ್ಟೆಯೆದುರಿನ ಸುಣ್ಣದ ಗೋಡೆಯ ಮೇಲೆ ಹಸಿರು ಬಿತ್ತು, ಎಳೆಯ ಜೋಳದ ಹೊಲದಷ್ಟು ಹಸಿರು. ಅವಳು ಓಡಿ ಹೋಗಿ ಗೋಡೆಯ ಮೇಲೆ ಕೈ ಇಟ್ಟಳು, ಅಂಗೈ ತಿರುಗಿಸಿ ನೋಡಿಕೊಂಡಳು.

ರಾತ್ರಿ ಬತ್ತಿ ಇಳಿಸಿ ದೀಪ ಆರಿಸಿದೆ. ಬೆಳಿಗ್ಗೆ ಎಣ್ಣೆ ಬಸಿದು ಬಾಟಲಿಗೆ ಹಾಕಿಟ್ಟೆ.