ನೀರು ಹೊರಹಾಕಿ ಬದುಕಿದ ಹಳ್ಳಿ: ಕಿಂಡರ್‌ಡೈಕ್
(ರೈತರ ಸಭೆಯಲ್ಲಿ ನೀಡಿದ ಉಪನ್ಯಾಸ)



ಹೊಲಕ್ಕೆ ನೀರು ತರುವ ಮಾತು ನಮ್ಮ ಪ್ರತಿ ಸಭೆಯಲ್ಲೂ ಬರುತ್ತದೆ. ಬಾವಿ, ಕೆರೆ, ನಾಲೆ ಇವೆಲ್ಲ ನೀರು ಒದಗಿಸುವ ಸಾಧನಗಳು. ಆದರೆ ನೆಲದಲ್ಲಿ ನಿಂತ ನೀರನ್ನು ಹೊರಗೆ ಕಳಿಸುವುದಕ್ಕಾಗಿಯೇ ಏಳು ನೂರು ವರ್ಷಗಳಿಂದ ದುಡಿಯುತ್ತಿರುವ ಒಂದು ಹಳ್ಳಿಯ ಇತಿಹಾಸವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅದು ನೆದರ್‌ಲ್ಯಾಂಡ್ ದೇಶದ ಕಿಂಡರ್‌ಡೈಕ್.

ಹಳ್ಳಿ ಮತ್ತು ನೆಲ

ರಾಟರ್‌ಡ್ಯಾಮ್ ನಗರದ ಪೂರ್ವಕ್ಕೆ, ಲೆಕ್ ಮತ್ತು ನೋರ್ಡ್ ನದಿಗಳು ಕೂಡುವ ಸ್ಥಳದಲ್ಲಿ ಈ ಸಣ್ಣ ಊರಿದೆ. ಇದರ ಹಿಂದೆ ಹರಡಿರುವ ತಗ್ಗು ಪ್ರದೇಶಕ್ಕೆ ಆಲ್ಬ್ಲಾಸರ್‌ವಾರ್ಡ್ ಎಂದು ಹೆಸರು. ಇಲ್ಲಿಯ ಬಹುಪಾಲು ನೆಲ ಪೀಟ್ ಮಣ್ಣು. ಅಂದರೆ ಜೊಂಡು, ಪಾಚಿ, ಬೇರುಗಳು ನೀರಿನಡಿಯಲ್ಲಿ ಅರೆಬರೆ ಕೊಳೆತು ಸಾವಿರಾರು ವರ್ಷಗಳಲ್ಲಿ ಶೇಖರವಾದ ಮಣ್ಣು. ಮಧ್ಯಯುಗದಲ್ಲಿ ರೈತರು ಇಲ್ಲಿ ಕಾಲುವೆ ತೋಡಿ ನೀರು ಬಸಿದು ಬೇಸಾಯಕ್ಕೆ ಇಳಿದರು.

ಆಗಲೇ ತೊಡಕು ಆರಂಭವಾಯಿತು. ನೀರು ಬಸಿದೊಡನೆ ಪೀಟ್ ಕುಗ್ಗುತ್ತದೆ. ಗಾಳಿ ಒಳಹೊಕ್ಕು ಅದರಲ್ಲಿನ ಸಾವಯವ ವಸ್ತು ಕೊಳೆತು ಇಂಗಾಲಾಮ್ಲವಾಗಿ ಹಾರಿಹೋಗುತ್ತದೆ. ಹೀಗೆ ನೆಲ ವರ್ಷ ವರ್ಷವೂ ಇಳಿಯುತ್ತದೆ. ನೆಲ ಇಳಿದಂತೆ ಮತ್ತೆ ನೀರು ನಿಲ್ಲುತ್ತದೆ. ಮತ್ತಷ್ಟು ಆಳಕ್ಕೆ ಬಸಿಯಬೇಕಾಗುತ್ತದೆ.

ಏರಿಯ ಕಟ್ಟುಪಾಡು

ಒಬ್ಬ ರೈತ ತನ್ನ ಹೊಲವನ್ನು ಮಾತ್ರ ಕಾಯ್ದುಕೊಂಡರೆ ಸಾಲದು. ಏರಿ ಒಂದೆಡೆ ಒಡೆದರೆ ಎಲ್ಲರ ಹೊಲವೂ ಮುಳುಗುತ್ತದೆ. ಆದ್ದರಿಂದ 1277ರಲ್ಲಿ ಹಾಲೆಂಡಿನ ದೊರೆ ಐದನೆಯ ಫ್ಲೋರಿಸ್ ಈ ಪ್ರದೇಶಕ್ಕೆ ಒಂದು ನೀರು ಮಂಡಳಿಯನ್ನು ರಚಿಸಿದನು. ಪ್ರತಿ ಜಮೀನಿಗೂ ಏರಿಯ ಇಂತಿಷ್ಟು ಉದ್ದದ ದುರಸ್ತಿ ಹೊಣೆ ಬಿತ್ತು. ಮಂಡಳಿಯವರು ಕಾಲಕಾಲಕ್ಕೆ ತನಿಖೆಗೆ ಬರುತ್ತಿದ್ದರು. ಲೋಪ ಕಂಡರೆ ದಂಡ ತಪ್ಪದು. ತನ್ನ ಪಾಲಿನ ಏರಿಯನ್ನು ನೋಡಿಕೊಳ್ಳಲಾಗದ ರೈತ ಅದರ ಮೇಲೆ ಸನಿಕೆ ನೆಟ್ಟು ಜಮೀನು ಬಿಟ್ಟು ಹೋಗಬೇಕಾಗಿತ್ತು. ಆ ಸನಿಕೆಯನ್ನು ಕಿತ್ತುಕೊಂಡವನಿಗೆ ಜಮೀನೂ ಬರುತ್ತಿತ್ತು, ಏರಿಯ ಹೊಣೆಯೂ ಬರುತ್ತಿತ್ತು.

ಈ ಕಟ್ಟುಪಾಡು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಗ್ರೋಟೆ ವಾರ್ಡ್ ಪ್ರದೇಶವೇ ಸಾಕ್ಷಿ. ಅಲ್ಲಿ ಒಳಜಗಳಗಳಿಂದ ಏರಿಗಳ ದುರಸ್ತಿ ಹಿಂದೆ ಬಿದ್ದಿತ್ತು. ಉಪ್ಪು ತೆಗೆಯಲು ಏರಿಯ ಬಳಿಯ ಪೀಟನ್ನೂ ಅಗೆದಿದ್ದರು. 1421ರ ನವೆಂಬರ್ 18-19ರ ರಾತ್ರಿ ಬಿರುಗಾಳಿಯ ಪ್ರವಾಹಕ್ಕೆ ಏರಿಗಳು ಒಡೆದು ಆ ಪ್ರದೇಶ ನೀರಿನ ಪಾಲಾಯಿತು. ಆಗ ಒಂದು ತೊಟ್ಟಿಲು ತೇಲಿ ಬಂತಂತೆ. ಒಳಗಿನ ಬೆಕ್ಕು ಅತ್ತಿಂದಿತ್ತ ಹಾರುತ್ತ ಅದನ್ನು ಮಗುಚದಂತೆ ಕಾದು ಮಗುವನ್ನು ಏರಿಗೆ ತಲುಪಿಸಿತಂತೆ. ‘ಮಕ್ಕಳ ಏರಿ’ ಎಂಬರ್ಥದ ಕಿಂಡರ್‌ಡೈಕ್ ಹೆಸರಿಗೆ ಜನ ಹೇಳುವ ಕಥೆ ಇದು.

ಗಾಳಿಯಂತ್ರಗಳ ಕೆಲಸ

ಮೊದಮೊದಲು ನದಿ ಇಳಿದಾಗ ತೂಬು ತೆರೆದರೆ ನೀರು ತಾನೇ ಹೊರಗೆ ಹರಿಯುತ್ತಿತ್ತು. ನೆಲ ತಗ್ಗಿ ನದಿಯ ಪಾತ್ರ ಎತ್ತರವಾದ ಮೇಲೆ ಅದು ಸಾಧ್ಯವಾಗಲಿಲ್ಲ. ಆದ್ದರಿಂದ 1738ರಲ್ಲಿ ಇಟ್ಟಿಗೆಯ ಎಂಟು, 1740ರಲ್ಲಿ ಜೊಂಡು ಹೊದಿಸಿದ ಎಂಟು ಗಾಳಿಯಂತ್ರಗಳನ್ನು ಕಟ್ಟಿದರು. ಇವು ಕೆಳಗಿನ ಕಾಲುವೆಯ ನೀರನ್ನು ಎತ್ತಿ ಮೇಲಿನ ತೊಟ್ಟಿಪ್ರದೇಶದಲ್ಲಿ ಸಂಗ್ರಹಿಸುತ್ತಿದ್ದವು. ನದಿಯ ಮಟ್ಟ ಇಳಿದಾಗ ತೂಬಿನ ಮೂಲಕ ಅದನ್ನು ಲೆಕ್ ನದಿಗೆ ಬಿಡುತ್ತಿದ್ದರು.

1868ರಲ್ಲಿ ಉಗಿಯಂತ್ರದ ಪಂಪುಗಳು ಬಂದವು. ಆದರೂ ಗಾಳಿಯಂತ್ರಗಳನ್ನು ಕೆಡವಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಧನ ಸಿಗದಾಗ ಅವೇ ಮತ್ತೆ ನೀರೆತ್ತಿದವು. ಇಂದು ಈ ಕೆಲಸವನ್ನು ತಿರುಪು ಪಂಪುಗಳು ಮಾಡುತ್ತವೆ. ಇಲ್ಲಿಯ 19 ಗಾಳಿಯಂತ್ರಗಳನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಅಪಾಯ ಮುಗಿದಿಲ್ಲ. 1953ರ ಫೆಬ್ರವರಿ 1ರ ಪ್ರವಾಹದಲ್ಲಿ ಸಮೀಪದ ಪಾಪೆನ್‌ಡ್ರೆಕ್ಟ್‌ನಲ್ಲಿ ಏರಿ ಒಡೆದು ಆಲ್ಬ್ಲಾಸರ್‌ವಾರ್ಡಿಗೆ ನೀರು ನುಗ್ಗಿತು. ಆ ದುರಂತದಲ್ಲಿ ದೇಶದಾದ್ಯಂತ 1,836 ಜನ ಸತ್ತರು. ಪೀಟ್ ನೆಲ ಈಗಲೂ ಇಳಿಯುತ್ತಿದೆ. ಹಸಿ ನೆಲದಲ್ಲಿ ಧಾನ್ಯ ಬೆಳೆಯುವುದು ಕಷ್ಟವಾದ್ದರಿಂದ ರೈತರು ಹುಲ್ಲುಗಾವಲು ಮತ್ತು ಹೈನುಗಾರಿಕೆಯನ್ನು ನೆಚ್ಚಿದ್ದಾರೆ. ಕಾಲುವೆಯ ನೀರಿನ ಮಟ್ಟ ಏರಿಸಿದರೆ ಪೀಟ್ ಉಳಿಯುತ್ತದೆ, ಆದರೆ ದನ ಮೇಯುವ ನೆಲ ಕೆಸರಾಗುತ್ತದೆ. ಮಟ್ಟ ಇಳಿಸಿದರೆ ಹುಲ್ಲು ಚೆನ್ನಾಗಿ ಬರುತ್ತದೆ, ಆದರೆ ನೆಲ ಕುಸಿಯುತ್ತದೆ. ಈ ಹಗ್ಗಜಗ್ಗಾಟವನ್ನು ಇಂದಿಗೂ ಚುನಾಯಿತ ನೀರು ಮಂಡಳಿಯೇ ತೂಗಿ ನೋಡಬೇಕಾಗಿದೆ.

ನಮಗೆ ಇದರಿಂದ ತಿಳಿಯುವುದೇನು?

1990ರ ದಶಕದಲ್ಲಿ ಆ ದೇಶದ ಸಹಕಾರದಿಂದ ಕರ್ನಾಟಕವೂ ಸೇರಿದಂತೆ ಭಾರತದ ಕೆಲವು ರಾಜ್ಯಗಳ ನೀರಾವರಿ ಪ್ರದೇಶಗಳಲ್ಲಿ ಜೌಗು ಮತ್ತು ಸವಳು ನೆಲದ ನೀರು ಬಸಿಯುವ ಬಗ್ಗೆ ಸಂಶೋಧನೆ ನಡೆಯಿತು. ನಮ್ಮ ಮಣ್ಣು ಬೇರೆ, ಹವೆ ಬೇರೆ. ಆದರೆ ಬಸಿಗಾಲುವೆಯ ಸ್ವಭಾವ ಎಲ್ಲೆಡೆಯೂ ಒಂದೇ: ಮೇಲಿನ ಹೊಲದವನು ಅದನ್ನು ಮುಚ್ಚಿದರೆ ಕೆಳಗಿನವನ ಬೆಳೆ ಕೊಳೆಯುತ್ತದೆ. ಬಸಿಗಾಲುವೆ ತೋಡುವ ಮೊದಲು ಅದನ್ನು ವರ್ಷವೂ ಹೂಳೆತ್ತುವವರು ಯಾರೆಂಬುದನ್ನು ಊರವರು ಕೂಡಿ ಗೊತ್ತು ಮಾಡಿಕೊಳ್ಳಿ. ಕಿಂಡರ್‌ಡೈಕ್ ಉಳಿದಿರುವುದು ಯಂತ್ರಗಳಿಂದ ಮಾತ್ರವಲ್ಲ, ಪ್ರತಿಯೊಬ್ಬರ ಪಾಲಿನ ಕೆಲಸ ಇಷ್ಟೆಂದು ಗೊತ್ತುಮಾಡಿಕೊಂಡದ್ದರಿಂದ.