ಮಳೆಯ ಪಾಠದಲ್ಲಿ ಎಲ್ಲ ಮಕ್ಕಳಿಗೂ ಪಾಲಿರಲಿ



ನಮ್ಮ ಪುಣೆಯಲ್ಲಿ ಜೂನ್ ಮಧ್ಯಕ್ಕೆ ಶಾಲೆಯೂ ಶುರು, ಮಳೆಯೂ ಶುರು. ಪುಟ್ಟ ಮಕ್ಕಳ ತರಗತಿಗಳಲ್ಲಿ ಮೊದಲು ಕಾಗದದ ದೋಣಿ, ನಂತರ ಮಣ್ಣಿನ ಗಣಪ, ದೀಪಾವಳಿಯ ಹಣತೆ, ಸಂಕ್ರಾಂತಿಯ ಎಳ್ಳುಬೆಲ್ಲ. ಋತು ಎಂದರೇನೆಂದು ಮಗು ಪುಸ್ತಕದಿಂದ ಕಲಿಯುವುದಿಲ್ಲ. ಕೈಯಿಂದ, ಮೂಗಿನಿಂದ, ನಾಲಿಗೆಯಿಂದ ಕಲಿಯುತ್ತದೆ.

ಆದರೆ ಇಂಥ ಸಂಭ್ರಮದ ದಿನವೇ ಕೆಲವು ಮಕ್ಕಳು ಮೂಲೆಯಲ್ಲಿ ಕೂತಿರುತ್ತಾರೆ. ಒದ್ದೆ ಮಣ್ಣು ಮುಟ್ಟಿದರೆ ಅಳುವ ಮಗು, ಗಾಲಿಕುರ್ಚಿಯ ಮಗು, ಕಿವಿ ಕೇಳದ ಮಗು. "ಪಾಪ, ಅವನಿಗೆ ಆಗೋದಿಲ್ಲ ಬಿಡಿ" ಎನ್ನುತ್ತೇವೆ. ಕರುಣೆಯಿಂದ ಆಡಿದ ಈ ಮಾತೇ ಮಗುವನ್ನು ಹೊರಗಿಡುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ 21 ಬಗೆಗಳನ್ನು ಗುರುತಿಸಿದೆ. ಆಟಿಸಂ, ಕಲಿಕಾ ನ್ಯೂನತೆಗಳೂ ಅದರಲ್ಲಿವೆ. ಪಾಠದಲ್ಲಷ್ಟೇ ಅಲ್ಲ, ಆಟ ಮತ್ತು ಮನರಂಜನೆಯಲ್ಲೂ ಈ ಮಕ್ಕಳಿಗೆ ಇತರರಷ್ಟೇ ಅವಕಾಶ ಸಿಗಬೇಕೆಂದು ಅದು ಹೇಳುತ್ತದೆ. ಅಂದರೆ ಮಳೆಯಾಟವೂ ಹಕ್ಕೇ.

ಹಾಗಾದರೆ ಮಾಡುವುದು ಹೇಗೆ? ಚಟುವಟಿಕೆಯನ್ನು ಮೊದಲೇ ತೀರ್ಮಾನಿಸಿ, ಆಮೇಲೆ ಈ ಮಗುವನ್ನು ಎಲ್ಲಿ ಸೇರಿಸೋಣ ಎಂದು ಹುಡುಕಬಾರದು. ಸೇರಲು ಯಾರಿಗೆ ಹೆಚ್ಚು ಕಷ್ಟವೋ ಆ ಮಗುವಿನಿಂದಲೇ ಯೋಚನೆ ಶುರುವಾಗಬೇಕು.

ಮಳೆ ಅಳೆಯುವ ಆಟವನ್ನೇ ನೋಡಿ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಗಾಲಿಕುರ್ಚಿಯಿಂದ ಕೈಗೆಟಕುವ ಎತ್ತರದಲ್ಲಿ ಇಡಿ. ಕಣ್ಣು ಕಾಣದ ಮಗು ಕಡ್ಡಿಯೊಂದನ್ನು ಅದ್ದಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಬೆರಳಿನಿಂದ ತಿಳಿಯಲಿ. ಕಿವಿ ಕೇಳದ ಮಗು ಬೋರಲು ಹಾಕಿದ ಸ್ಟೀಲ್ ತಟ್ಟೆಯ ಅಂಚು ಹಿಡಿದರೆ ಹನಿಗಳ ಕಂಪನ ಅಂಗೈಗೇ ತಿಳಿಯುತ್ತದೆ. ಮಣ್ಣು ಮುಟ್ಟಲು ಹೆದರುವ ಮಗುವಿಗೆ ಬಿಗಿಯಾಗಿ ಕಟ್ಟಿದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಜೇಡಿಮಣ್ಣು ಹಾಕಿಕೊಡಿ, ಹೊರಗಿನಿಂದಲೇ ಒತ್ತಲಿ. ಬಲವಂತ ಮಾತ್ರ ಬೇಡ.

ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳನ್ನು ಮುಟ್ಟಿ, ಮೂಸಿ ಬೇರ್ಪಡಿಸುವುದು ಒಳ್ಳೆಯ ಆಟ. ಆದರೆ ಎಳ್ಳು, ಕಡಲೆಬೀಜ ಕೆಲವು ಮಕ್ಕಳಿಗೆ ಅಲರ್ಜಿ. ಅವರು ಮುಟ್ಟುವುದೂ ಬೇಡ. ಇಡೀ ಬೀಜ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ತಾಯ್ತಂದೆಯರನ್ನು ಮೊದಲೇ ಕೇಳಿ, ದೊಡ್ಡವರು ಪಕ್ಕದಲ್ಲೇ ಇರಲಿ.

ವಿಮಾನ ನಗರದ ನಮಗೆ ಇನ್ನೊಂದು ವಿಷಯವಿದೆ. ಪಕ್ಕದಲ್ಲೇ ಲೋಹಗಾಂವ್ ವಿಮಾನ ನಿಲ್ದಾಣ, ವಾಯುಪಡೆಯ ನೆಲೆ. ಆ ಸದ್ದು ನಮಗೆ ರೂಢಿಯಾಗಿದೆ. ಶಬ್ದಕ್ಕೆ ಸೂಕ್ಷ್ಮವಾಗಿರುವ ಮಗುವಿಗೆ ಅದರ ಜೊತೆ ಗುಡುಗೂ ಸೇರಿದರೆ ದಿನವೇ ಕೆಟ್ಟುಹೋಗುತ್ತದೆ. ಅಂದಿನ ಕೆಲಸಗಳನ್ನು ಚಿತ್ರಗಳಲ್ಲಿ ಸಾಲಾಗಿ ಅಂಟಿಸಿ. ಮುಂದೇನು ಎಂದು ಗೊತ್ತಿದ್ದರೆ ಭಯ ಕಡಿಮೆ. ಕಿವಿ ಮುಚ್ಚುವ ಸಾಧನ ಕೈಗೆ ಸಿಗುವಂತಿರಲಿ. ಒಂದು ಶಾಂತ ಮೂಲೆಯೂ ಇರಲಿ. ಆದರೆ ಅದು ಶಿಕ್ಷೆಯ ಮೂಲೆಯಲ್ಲ. ಮಗು ತಾನಾಗಿ ಹೋಗಿ ತಾನಾಗಿ ಮರಳುವ ಜಾಗ.

ಈ ದಾರಿ ನಮ್ಮ ನಾಡಿಗೆ ಹೊಸದಲ್ಲ. 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಅವರೊಡನೆ ಬಾಲವಾಡಿ ಕೆಲಸ ಆರಂಭಿಸಿದರು. ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಸುತ್ತಮುತ್ತ ಸಿಗುವ ವಸ್ತುಗಳನ್ನೇ ಕಲಿಕೆಯ ಸಾಮಗ್ರಿ ಮಾಡಿಕೊಂಡರು. ಬದಲಾಗಬೇಕಾದದ್ದು ಮಗುವಲ್ಲ, ಶಾಲೆ ಎಂಬುದು ಅವರ ಕೆಲಸದಿಂದ ನಾವು ಕಲಿಯುವ ಪಾಠ.

ಕನ್ನಡದ ಮನೆಗಳಿಗೆ ಒಂದು ಮಾತು. ಮಗು ತಡವಾಗಿ ಮಾತಾಡಿದರೆ ಕನ್ನಡ ಬಿಟ್ಟು ಇಂಗ್ಲಿಷೇ ಆಡಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಮನೆಯಲ್ಲಿ 'ಮಳೆ', ಹೊರಗೆ 'ಪಾವೂಸ್', ಎರಡೂ ಇರಲಿ.

ಕೊನೆಯದಾಗಿ, ಹೆತ್ತವರು ಈ ವಾರ ಒಂದು ಪುಟ ಬರೆದು ಟೀಚರ್ ಕೈಗೆ ಕೊಡಿ. ನಮ್ಮ ಮಗುವಿಗೆ ಯಾವುದು ಖುಷಿ, ಯಾವುದು ಭಯ, ಬೇಕು-ಬೇಡ ಎನ್ನುವುದನ್ನು ಅದು ಹೇಗೆ ತಿಳಿಸುತ್ತದೆ, ಈ ಮೂರೇ ವಿಷಯ ಸಾಕು. ಟೀಚರ್‌ಗಳೇ, ನೀವೂ ಅದನ್ನು ಕೇಳಿ ಪಡೆಯಿರಿ. ಮುಂದಿನ ಚಟುವಟಿಕೆ ಆ ಪುಟದಿಂದಲೇ ಆರಂಭವಾಗಲಿ.